ಎ.ಸಿ.ಯ ನೀರಿನ ಕೊಳವೆ: ಊದುವುದೋ, ಹೀರುವುದೋ, ಬದಲಾಯಿಸುವುದೋ?

ನೀರ್ಚಾಲಿನ ನಮ್ಮ ಮನೆಯಲ್ಲಿ ಅಮ್ಮನ ಕೋಣೆಗೆ ಹಾಕಿಸಿದ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಎರಡು ಬೇಸಗೆಗಳಲ್ಲಿ ನಾಲ್ಕು ಬಾರಿ ಗೋಡೆಯ ಮೇಲೆ ನೀರು ಸುರಿಸಿತು. ಪ್ರತಿ ಸಲವೂ ಬೇರೆ ಉಪಾಯವನ್ನೇ ಮಾಡಿದ್ದರಿಂದ, ಯಾವುದು ಎಷ್ಟು ದಿನ ನಿಂತಿತು ಎಂಬುದು ಈಗ ನನಗೆ ಸ್ಪಷ್ಟವಾಗಿದೆ.

ಒಳಗೆ ನೀರು ತೊಟ್ಟಿಕ್ಕಿದ ಮಾತ್ರಕ್ಕೆ, ಎ.ಸಿ.ಯ ನೀರನ್ನು ಹೊರಕ್ಕೆ ಒಯ್ಯುವ ಕೊಳವೆ ಕಟ್ಟಿದೆ ಎಂದು ತೀರ್ಮಾನಿಸಬಾರದು. ಫಿಲ್ಟರಿನಲ್ಲಿ ಧೂಳು ತುಂಬಿದಾಗ ಅಥವಾ ಗ್ಯಾಸ್ ಕಡಿಮೆಯಾದಾಗ, ಗಾಳಿಯನ್ನು ತಂಪುಮಾಡುವ ಕಾಯಿಲಿನ ಮೇಲೆ ಮಂಜು ಹೆಪ್ಪುಗಟ್ಟಿ, ಅದು ಕರಗುವಾಗಲೂ ನೀರು ಹೊರಚೆಲ್ಲುತ್ತದೆ. ನಾನು ಹೊರಗಿನ ತುದಿಗೆ ಬಕೆಟ್ ಇಟ್ಟು ನೋಡಿದೆ. ಎಲ್ಲವೂ ಸರಿಯಿದ್ದಾಗ ಏಪ್ರಿಲಿನ ಒಂದು ರಾತ್ರಿಗೆ ಸುಮಾರು 10 ಲೀಟರ್ ನೀರು ಬೀಳುತ್ತಿತ್ತು. ಕಟ್ಟಿದ ದಿನ ಕಾಯಿಲಿನಲ್ಲಿ ಮಂಜೂ ಇರಲಿಲ್ಲ, ಬಕೆಟಿನ ತಳ ಒದ್ದೆಯೂ ಆಗಿರಲಿಲ್ಲ.

ಮೊದಲ ಸಲ ಮೆಯಿನ್ ಸ್ವಿಚ್ ಆರಿಸಿ, ಹೊರಗಿನ ತುದಿಗೆ ಬಟ್ಟೆ ಸುತ್ತಿ ಸೈಕಲ್ ಪಂಪಿನಿಂದ ಗಾಳಿ ಊದಿದೆ. ಕೊಳವೆ ತೆರೆದುಕೊಂಡಿತು. ಆದರೆ ಒಳಗಿದ್ದ ಲೋಳೆಯೆಲ್ಲ ಹಿಂದಕ್ಕೆ ತಳ್ಳಲ್ಪಟ್ಟು ಕಾಯಿಲಿನ ಕೆಳಗಿರುವ ನೀರಿನ ತಟ್ಟೆಯನ್ನು ಸೇರಿತು, ಒಂದಷ್ಟು ಅಮ್ಮನ ಹಾಸಿಗೆಗೂ ಸಿಡಿಯಿತು. ಮೂರು ವಾರಗಳಲ್ಲಿ ಅದೇ ಲೋಳೆ ಕೆಳಗಿಳಿದು ಮತ್ತೆ ಕಟ್ಟಿತು.

ಎರಡನೆಯ ಸಲ, ಬದಿಯಡ್ಕದಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟಿರುವ ಭಾವನಿಂದ ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ತಂದು ಹೊರಗಿನಿಂದ ಹೀರಿಸಿದೆ. (ಕೇವಲ ಧೂಳು ಎಳೆಯುವ ಮನೆಬಳಕೆಯ ಯಂತ್ರವನ್ನು ಇದಕ್ಕೆ ಬಳಸಲೇಬಾರದು, ನೀರು ಮೋಟಾರನ್ನು ಸೇರುತ್ತದೆ.) ಎರಡು ನಿಮಿಷಗಳಲ್ಲಿ ಡಬ್ಬಿಗೆ ಬಂದು ಬಿದ್ದದ್ದು ಈರೋಳಿನ (ತಾಟಿನಿಂಗಿನ) ತಿರುಳಿನಂತೆ ಅಲುಗಾಡುವ, ಕಂದುಬಣ್ಣದ, ಗೇಣುದ್ದದ ಲೋಳೆ, ಅದರೊಳಗೆ ಇರುವೆಯ ರೆಕ್ಕೆಗಳು, ಮುರಕಲ್ಲಿನ ಕೆಂಪು ಹುಡಿ. ಆ ಬೇಸಗೆ ಮುಗಿಯುವವರೆಗೆ ಮತ್ತೆ ತೊಂದರೆಯಾಗಲಿಲ್ಲ. ಕಟ್ಟಿದ ಕೊಳವೆಯನ್ನು ಬಿಡಿಸುವುದಕ್ಕೆ ಊದುವುದಕ್ಕಿಂತ ಹೀರುವುದೇ ಎಲ್ಲ ರೀತಿಯಲ್ಲಿಯೂ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವಿನೆಗರ್ ಕಟ್ಟಿದ್ದನ್ನು ಬಿಡಿಸುವ ವಸ್ತುವಲ್ಲ, ಲೋಳೆ ಬೆಳೆಯುವುದನ್ನು ತಡಮಾಡುವ ವಸ್ತು. ಮರುವರ್ಷ ಫೆಬ್ರವರಿಯಲ್ಲಿ ಎ.ಸಿ. ಶುರುಮಾಡಿದ ಕೂಡಲೇ ನೀರು ಸೋರಿದಾಗ ಒಂದು ಲೋಟ ಬಿಳಿ ವಿನೆಗರನ್ನು ತಟ್ಟೆಗೆ ಹೊಯ್ದೆ. ಗಂಟೆ ಕಳೆದರೂ ಅದು ಹೊಯ್ದಲ್ಲಿಯೇ ನಿಂತಿತ್ತು. ಹೊರಗೆ ಹೋಗಿ ನೋಡಿದರೆ ಕುಂಬಾರ ಹುಳು ಕೊಳವೆಯ ಬಾಯಿಯನ್ನು ಮಣ್ಣಿನಿಂದ ಮೆತ್ತಿಬಿಟ್ಟಿತ್ತು. ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲನೆ ಒಡೆದಾಗ ಮಣ್ಣಿನ ಜೊತೆಗೆ ಅದು ಮರಿಗಾಗಿ ಕೂಡಿಟ್ಟಿದ್ದ ಹಸಿರು ಕಂಬಳಿಹುಳುಗಳೂ ಉದುರಿದವು. ತೋಟಕ್ಕೆ ತಂದ ಮೈಲುತುತ್ತನ್ನು ಸ್ವಲ್ಪ ಕರಗಿಸಿ ಬಿಡು ಎಂದು ನೆರೆಯವರೊಬ್ಬರು ಪ್ರೀತಿಯಿಂದಲೇ ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ಮೈಲುತುತ್ತಿನಲ್ಲಿರುವ ತಾಮ್ರದ ಅಂಶ ತಗಲಿದರೆ ಕಾಯಿಲಿನ ಅಲ್ಯೂಮಿನಿಯಂ ಎಲೆಗಳು ತೂತುಬೀಳುತ್ತವೆ. ಬ್ಲೀಚಿಂಗ್ ಪೌಡರ್ ಕೂಡ ಲೋಹವನ್ನು ತಿನ್ನುತ್ತದೆ, ವಿನೆಗರಿನೊಡನೆ ಸೇರಿದರೆ ವಿಷವಾದ ಕ್ಲೋರಿನ್ ಅನಿಲವನ್ನು ಬಿಡುತ್ತದೆ.

ನಾಲ್ಕನೆಯ ಸಲ ಕಟ್ಟಿದಾಗ ಹೀರಿಸಿ ತೆಗೆದ ಮೇಲೆ, ಅಳೆದ ಒಂದು ಲೀಟರ್ ನೀರನ್ನು ತಟ್ಟೆಗೆ ಹೊಯ್ದು ನೋಡಿದೆ. ಹೊರಗೆ ಬಂದದ್ದು ಮುಕ್ಕಾಲು ಲೀಟರ್ ಮಾತ್ರ. ಉಳಿದದ್ದು, ಎರಡು ಕ್ಲ್ಯಾಂಪುಗಳ ನಡುವೆ ಜೋತುಬಿದ್ದಿದ್ದ ಸುಕ್ಕುಕೊಳವೆಯ ಹೊಟ್ಟೆಯಲ್ಲಿ ನಿಂತಿತ್ತು. ನಿಂತ ನೀರಿನಲ್ಲಿಯೇ ಲೋಳೆ ಬೆಳೆಯುತ್ತದೆ. ಅಲ್ಲಿಯವರೆಗೆ ನಾನು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಮಾಡುತ್ತಿದ್ದೆ.

ಸುಕ್ಕುಕೊಳವೆಯನ್ನು ಕಳಚಿ, ಮುಕ್ಕಾಲು ಇಂಚಿನ ಪಿ.ವಿ.ಸಿ. ಪೈಪನ್ನು ನಾಲ್ಕು ಮೀಟರ್ ಉದ್ದಕ್ಕೆ ಹಾಕಿಸಿದೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಾಕಾಗುತ್ತದೆ, ನಾನು ಎರಡು ಕೊಡಿಸಿದೆ. ಮೇಸ್ತ್ರಿ ಲೆವೆಲ್ ಟ್ಯೂಬ್ ಹಿಡಿದಾಗ ಗೋಡೆಯ ತೂತೇ ಒಳಮುಖವಾಗಿ ಇಳಿದಿರುವುದು ಗೊತ್ತಾಯಿತು. ಮುರಕಲ್ಲನ್ನು ಮತ್ತೆ ಕೆತ್ತಿ ಹೊರಮುಖ ಮಾಡಿದರು. ಮೇಲ್ತುದಿಯಲ್ಲಿ ಮುಚ್ಚಳವಿರುವ ಒಂದು ಟೀ (T ಆಕಾರದ ಪೈಪಿನ ಜೋಡುತುಂಡು) ಇಡಿಸಿದ್ದರಿಂದ ತಿಂಗಳಿಗೊಮ್ಮೆ ಅಲ್ಲಿಂದಲೇ ವಿನೆಗರ್ ಹೊಯ್ಯಬಹುದು. ಕೆಳತುದಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸದೆ, ನೆಲದಿಂದ ಒಂದು ಗೇಣು ಮೇಲಕ್ಕೆ ನಿಲ್ಲಿಸಿದ್ದೇನೆ, ಜೂನಿನಲ್ಲಿ ಎ.ಸಿ. ನಿಲ್ಲಿಸುವಾಗ ಕುಂಬಾರ ಹುಳು ಹೊಗದಂತೆ ಅದಕ್ಕೆ ಬಟ್ಟೆ ಕಟ್ಟುತ್ತೇನೆ, ಫೆಬ್ರವರಿಯಲ್ಲಿ ಬಿಚ್ಚಿ ಒಂದು ಲೀಟರ್ ನೀರು ಹೊಯ್ದು ಅಳೆಯುತ್ತೇನೆ.