ಬಿಸ್ಬೀ ಗಣಿ: 47 ಡಿಗ್ರಿ, ಸ್ವೆಟರ್ ಮರೀಬೇಡಿ

ಊರಿಂದ ಮಾವನವರು ಬಂದಿದ್ದರು. ಹಟ್ಟಿ ಚಿನ್ನದ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿದರೆ "ಛಲೋ ಅದ" ಎಂದು ಸುಮ್ಮನಾದರು. ಅದಕ್ಕೇ ಒಂದು ಶನಿವಾರ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಿಂದ ಅಲ್ಲಿನ ಹಳೆಯ ಗಣಿ ಊರು ಬಿಸ್ಬೀಗೆ ಹೊರಟೆವು. ಕಾರಿನಲ್ಲಿ ಒಂದೂ ಮುಕ್ಕಾಲು ಗಂಟೆ. ದಾರಿಯಲ್ಲಿ ಕೌಬಾಯ್ ಕಾಲದ ಊರು ಟೂಮ್‌ಸ್ಟೋನ್ ಸಿಗುತ್ತದೆ. ದುಡ್ಡು ಕೊಟ್ಟು ನಾಟಕದ ಗುಂಡಿನ ಕಾಳಗ ನೋಡುವ ಆಸೆಯಿದ್ದರೆ ಇಳಿಯಿರಿ. ನಾವು ಇಳಿಯಲಿಲ್ಲ.

ಬಿಸ್ಬೀ 1880ರಲ್ಲಿ ತಾಮ್ರಕ್ಕಾಗಿ ಹುಟ್ಟಿದ ಊರು. ಗಣಿ 1975ರಲ್ಲಿ ಮುಚ್ಚಿತು. ಮರುವರ್ಷವೇ ಅಲ್ಲಿನ ಕಾಪರ್ ಕ್ವೀನ್ ಗಣಿಯನ್ನು ಪ್ರವಾಸಿಗರಿಗೆ ತೆರೆದರು. ಹಳದಿ ಕೋಟು, ಹೆಲ್ಮೆಟ್, ದೀಪ ಎಲ್ಲ ಅವರೇ ಕೊಡುತ್ತಾರೆ. "ಒಳಗೆ 47 ಡಿಗ್ರಿಯಂತೆ, ಸ್ವೆಟರ್ ಹಾಕ್ಕೊಳ್ಳಿ ಮಾವ" ಎಂದೆ. ಅವರು ನಕ್ಕುಬಿಟ್ಟರು. "ರಾಯಚೂರಿನವ್ರಿಗೆ 47ಕ್ಕ ಸ್ವೆಟರ್ ಏನ್ರೀ?" ಫ್ಯಾರನ್‌ಹೀಟ್ ಎಂದು ಹೇಳುವುದನ್ನು ನಾನು ಮರೆತಿದ್ದೆ. ಅಂದರೆ ಎಂಟು ಡಿಗ್ರಿ!

ಪುಟ್ಟ ರೈಲಿನ ಮೇಲೆ ಕುದುರೆ ಹತ್ತಿದ ಹಾಗೆ ಕಾಲು ಆಚೆ ಈಚೆ ಹಾಕಿ ಕೂರಬೇಕು. ಬೆಟ್ಟದೊಳಕ್ಕೆ 1,500 ಅಡಿ ಹೋಗುತ್ತದೆ. ಮಾವನವರಿಗೆ ಚಳಿಯ ನಡುಕ. ಆದರೂ ಬಾಯಿ ಬಿಡಲಿಲ್ಲ. ಕೇಜ್‌ನಲ್ಲಿ (ಗಣಿಯ ಲಿಫ್ಟ್) ಕೆಳಗಿಳಿದಷ್ಟೂ ಸೆಕೆ ಜಾಸ್ತಿಯಾಗುವ ಗಣಿ ಅವರದು. ಅಡ್ಡಡ್ಡ ಒಳಗೆ ಹೋಗುವ ಈ ತಣ್ಣನೆಯ ಗಣಿ ಅವರ ಲೆಕ್ಕಕ್ಕೆ ಗಣಿಯೇ ಅಲ್ಲ.

ಗೈಡ್ ಬಂಡೆಯಲ್ಲಿ ಕೊರೆದ ತೂತುಗಳನ್ನು ತೋರಿಸಿ, ಮದ್ದು ತುಂಬಿದ ಮೇಲೆ ಯಾವುದು ಮೊದಲು ಸಿಡಿಯಬೇಕು ಎಂದು ಕೇಳಿದರು. ಎಲ್ಲರೂ ಸುಮ್ಮನಿದ್ದರು. ಮಾವನವರು ಮುಂದೆ ಹೋಗಿ ನಡುವಿನದನ್ನು ಮುಟ್ಟಿದರು, ಆಮೇಲೆ ಸುತ್ತಲಿನವು, ಕೊನೆಗೆ ತಳದ ಸಾಲು. ಗೈಡ್ ತಾನೂ ಹಿಂದೆ ಗಣಿಯಲ್ಲಿದ್ದವರಂತೆ. ಅಲ್ಲಿಂದಾಚೆಗೆ ಟೂರ್ ಇವರಿಬ್ಬರದೇ. ನಾನು ಬರೀ ದುಭಾಷಿ.

ಊಟದ ಬಗ್ಗೆ ಹೆಚ್ಚು ಹೇಳಲ್ಲ. ಬೀನ್ಸ್ ಬರಿಟೊಗೆ ನಲವತ್ತು ನಿಮಿಷ ಕಾದೆವು. ಬಂದಾಗ ಒಳಗೆ ಕೋಳಿ ಇತ್ತು. ಮನೆಯಿಂದ ತಂದ ಚಪಾತಿ, ಶೇಂಗಾ ಚಟ್ನಿ ಕಾಪಾಡಿತು. ಊರಿನ ತುಂಬ ಮೆಟ್ಟಿಲು, ಮಂಡಿ ನೋವಿನವರು ಯೋಚಿಸಿ. ಲ್ಯಾವೆಂಡರ್ ಪಿಟ್ ಎಂಬ ಭಾರೀ ಗುಂಡಿ ರಸ್ತೆ ಬದಿಯಲ್ಲೇ ಪುಕ್ಕಟೆ ಕಾಣುತ್ತದೆ. 900 ಅಡಿ ಆಳ. ಲ್ಯಾವೆಂಡರ್ ಎನ್ನುವುದು ಬಣ್ಣವಲ್ಲ, ಗಣಿ ಕಂಪನಿಯ ಅಧಿಕಾರಿಯ ಹೆಸರು!

ಊರಿನ ಗಣಿ ಮ್ಯೂಸಿಯಂಗೆ ಒಂದು ಗಂಟೆಯಾದರೂ ಇಡಿ. 1897ರ ಕಟ್ಟಡ, ಗಣಿ ಕಂಪನಿಯದೇ ಆಫೀಸಾಗಿತ್ತು. ಈ ಊರಿನ ಒಂದು ಕಹಿ ಕಥೆಯೂ ಇದೆ: 1917ರ ಜುಲೈನಲ್ಲಿ ಮುಷ್ಕರ ಹೂಡಿದ ಗಣಿ ಕಾರ್ಮಿಕರು, ಅವರ ಪರ ಇದ್ದವರು ಸೇರಿ ಸಾವಿರಕ್ಕೂ ಹೆಚ್ಚು ಜನರನ್ನು ಬಂದೂಕು ತೋರಿಸಿ ದನದ ರೈಲು ಡಬ್ಬಿಗೆ ತುಂಬಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಬಿಟ್ಟು ಬಂದಿದ್ದರು. ನಾನು ಕನ್ನಡದಲ್ಲಿ ಹೇಳಿದಾಗ ಮಾವನವರು ಕೇಳಿದ್ದು ಒಂದೇ: "ನೀರರೇ ಕೊಟ್ಟಿದ್ರೇನು?"

ವಾರಾಂತ್ಯಕ್ಕೆ ಗಣಿ ಟಿಕೆಟ್ ಮೊದಲೇ ಬುಕ್ ಮಾಡಿ.

ರಾತ್ರಿ ಹಟ್ಟಿಗೆ ಫೋನ್ ಹಚ್ಚಿದರು. ಗ್ರ್ಯಾಂಡ್ ಕ್ಯಾನ್ಯನ್ ಸುದ್ದಿಯೇ ಇಲ್ಲ. ಗಣಿಯೊಳಗೆ ಹಳಿ ಮೇಲೆ ಓಡಾಡುವ ಕಕ್ಕಸಿನ ಗಾಡಿ ನೋಡಿದೆ ಎಂದು ಇಪ್ಪತ್ತು ನಿಮಿಷ ವರ್ಣನೆ.