ಮುಂಬೈಯಲ್ಲಿ ಮೂರು ದಿನ: ಬಾಣಗಂಗೆ, ಕಾನ್ಹೇರಿ ಮತ್ತು ಒಂದು ಬಂಡೆ

ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ. ಮುಂಬೈಗೆ ಹೋದಾಗಲೆಲ್ಲ ಇದೇ ಮೂರು. ಈ ಸಲ ನೆಂಟರ ಮದುವೆ ಶನಿವಾರ ಮುಗಿಯಿತು, ಊರಿಗೆ ರೈಲು ಇದ್ದದ್ದು ಮಂಗಳವಾರ ರಾತ್ರಿ. "ಮತ್ತೆ ಗೇಟ್‌ವೇ ಅಂತ ಹೇಳಿದ್ರೆ ನಾನು ರೂಮಲ್ಲೇ ಮಲಗ್ತೇನೆ ನೋಡು" ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಜನ ಅಷ್ಟಾಗಿ ಹೋಗದ ಜಾಗಗಳನ್ನೇ ಆರಿಸಿಕೊಂಡೆವು. ರೂಮು ದಾದರಿನಲ್ಲಿ. ಅಕ್ಕನಿಗೆ 58, ಮೊಣಕಾಲಿನದು ಸ್ವಲ್ಪ ತಕರಾರು. ಯಾವ ಜಾಗ ಮೇಲು ಎಂಬ ಈ ಹೋಲಿಕೆಯಲ್ಲಿ ಆ ಮೊಣಕಾಲಿಗೂ ಒಂದು ವೋಟು ಇದೆ.

ಮೊದಲು ಬಾಣಗಂಗೆ ಕೆರೆ. ದಾದರಿನಿಂದ ಸ್ಲೋ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಅಲ್ಲಿಂದ ಕಾಲಿ-ಪೀಲಿ ಟ್ಯಾಕ್ಸಿ. ಭಾನುವಾರ ಹಗಲು ರಿಪೇರಿಗೆಂದು ಹಳಿ ಬ್ಲಾಕ್ ಮಾಡುತ್ತಾರೆ, ರೈಲು ಕಡಿಮೆ. ಏಳೂವರೆಗೇ ಹೊರಟಿದ್ದರಿಂದ ಬಚಾವಾದೆವು. ಟ್ಯಾಕ್ಸಿ ಮಲಬಾರ್ ಹಿಲ್ ಏರುವಾಗ ಎರಡೂ ಕಡೆ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳು. ವಾಲ್ಕೇಶ್ವರದಲ್ಲಿ ಇಳಿದು ಓಣಿ ಹಿಡಿದು ನಾಲ್ಕು ಹೆಜ್ಜೆ ಹೋದರೆ, ನಮ್ಮ ಕಡೆಯ ಯಾವುದೋ ದೇವಸ್ಥಾನದ ಕೆರೆಯ ಮುಂದೆ ನಿಂತ ಹಾಗೆ! ಸುತ್ತ ಕಲ್ಲಿನ ಮೆಟ್ಟಿಲು, ದೀಪಸ್ತಂಭ, ಗುಡಿಗಳು, ನೀರಲ್ಲಿ ಬಾತುಕೋಳಿ.

ಕೆರೆಯನ್ನು ಮೊದಲು ಕಟ್ಟಿಸಿದ್ದು 1127ರಲ್ಲಿ, ಆಗ ಈ ಕಡೆ ಆಳುತ್ತಿದ್ದ ಶಿಲಾಹಾರ ರಾಜರ ಮಂತ್ರಿ ಲಕ್ಷ್ಮಣ ಪ್ರಭು ಎಂದು ಹೇಳುತ್ತಾರೆ. 1715ರಲ್ಲಿ ರಾಮ ಕಾಮತ್ ಎಂಬವರು ಕೊಟ್ಟ ಹಣದಿಂದ ಮತ್ತೆ ಕಟ್ಟಿದರು. ಸಮುದ್ರ ಕೂಗಳತೆ ದೂರದಲ್ಲೇ ಇದೆ. ಆದರೂ ತಳದ ಬುಗ್ಗೆಯಿಂದ ಬರುವುದು ಸಿಹಿನೀರು. ರಾಮ ಬಾಯಾರಿ ಬಾಣ ಬಿಟ್ಟನಂತೆ, ಗಂಗೆ ಬಂದಳಂತೆ. ಮರಳಿನಲ್ಲಿ ಲಿಂಗ ಮಾಡಿದ್ದಕ್ಕೆ ವಾಲುಕೇಶ್ವರ, ಅದೇ ಬಾಯಿಗೆ ಬಂದ ಹಾಗೆ ವಾಲ್ಕೇಶ್ವರ.

ನಾವು ಮೆಟ್ಟಿಲ ಮೇಲೆ ಕೂತೆವು. ಒಂದು ಮೂಲೆಯಲ್ಲಿ ತಲೆ ಬೋಳಿಸಿಕೊಂಡ ಗಂಡಸೊಬ್ಬರು ಭಟ್ಟರ ಎದುರು ಪಿಂಡ ಇಡುತ್ತಿದ್ದರು. ಇನ್ನೊಂದು ಕಡೆ ಹುಡುಗರ ಕ್ರಿಕೆಟ್. ಚೆಂಡು ನೀರಿಗೆ ಬಿತ್ತು. ಒಬ್ಬ ಹುಡುಗ ಉದ್ದದ ಬಿದಿರುಗೋಲು ತಂದು, ಚೆಂಡನ್ನು ಎಳೆಯದೆ ಅದರ ಆಚೆ ನೀರನ್ನು ಮೆಲ್ಲನೆ ಬಡಿಯತೊಡಗಿದ. ಅಲೆಗೆ ಸಿಕ್ಕಿ ಚೆಂಡು ತಾನಾಗಿ ದಡಕ್ಕೆ ಬಂತು. ಬಾತುಕೋಳಿಗಳು ಕದಲಲೇ ಇಲ್ಲ. ಅವುಗಳಿಗೆ ಇದು ದಿನಾ ಇದ್ದದ್ದೇ ಇರಬೇಕು. ಪಕ್ಕದಲ್ಲಿ ಯಾರೋ ಕೊಂಕಣಿ ಮಾತಾಡಿದ್ದು ಕೇಳಿ ಅಕ್ಕನ ಕಿವಿ ನೆಟ್ಟಗಾಯಿತು. ಕೊಂಕಣಿಗರ ಕಾಶೀ ಮಠ, ಕವಳೆ ಮಠ ಎರಡೂ ಇಲ್ಲೇ ಇವೆ. ಹತ್ತು ನಿಮಿಷದಲ್ಲಿ ಆಕೆಗೆ ಆ ಹೆಂಗಸಿನ ಕಾರ್ಕಳದ ಮನೆ, ಮಗಳ ಕೆಲಸ, ಅಳಿಯನ ಸ್ವಭಾವ ಎಲ್ಲ ಗೊತ್ತಾಗಿತ್ತು.

ಖೋತಾಚಿವಾಡಿ ಅಲ್ಲಿಂದ ದೂರವಿಲ್ಲ, ಗಿರ್‌ಗಾಂವ್‌ನಲ್ಲಿ. ಚರ್ನಿ ರೋಡ್ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಮುಂಬೈ ಮೂಲದ ಕ್ರೈಸ್ತರು, 'ಈಸ್ಟ್ ಇಂಡಿಯನ್' ಎಂದು ಕರೆಸಿಕೊಳ್ಳುವವರು, ಕಟ್ಟಿಕೊಂಡ ಹಳೇ ಮನೆಗಳ ಓಣಿ ಇದು. ಮರದ ಜಗುಲಿ, ಹೊರಗಿನಿಂದಲೇ ಮಹಡಿಗೆ ಮೆಟ್ಟಿಲು, ಗಾಢ ಬಣ್ಣ. ಚೆಂದ ಇದೆ. ಆದರೆ ನನಗೆ ಮುಜುಗರವಾಯಿತು. ಕ್ಯಾಮೆರಾ ಎತ್ತಿದರೆ ಚೌಕಟ್ಟಿನೊಳಗೆ ಯಾರದೋ ಒಣಹಾಕಿದ ಬಟ್ಟೆ, ಪೇಪರ್ ಓದುತ್ತಾ ಕೂತ ಅಜ್ಜ. ಅದು ಅವರ ಮನೆ, ನಾವು ಟಿಕೆಟ್ ಕೊಟ್ಟು ಬಂದ ಮ್ಯೂಸಿಯಂ ಅಲ್ಲ ಅಲ್ವಾ? 20 ನಿಮಿಷ ಸುಮ್ನೆ ನಡೆದು ಹೊರಗೆ ಬಂದೆವು. ಇದಕ್ಕಾಗಿಯೇ ಹೊರಡಬೇಡಿ, ಬಾಣಗಂಗೆಯ ಜೊತೆ ಸೇರಿಸಿಕೊಳ್ಳಿ. ಎರಡೂ ಸೇರಿ ಅರ್ಧ ದಿನ.

ಸೋಮವಾರ ಎಡವಟ್ಟಾಯಿತು. ಕಾನ್ಹೇರಿಯ ಬೌದ್ಧ ಗುಹೆ ನೋಡೋಣ ಎಂದು ಫಾಸ್ಟ್ ಲೋಕಲ್ ಹಿಡಿದು ಬೋರಿವಲಿಗೆ ಹೋದರೆ ಗೇಟು ಬಂದ್. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೋಮವಾರ ರಜೆ, ಗುಹೆ ಇರುವುದು ಅದರೊಳಗೆ. ನೋಡಿಕೊಳ್ಳದೆ ಹೊರಟಿದ್ದು ನಾನು. ಅಕ್ಕ ಏನೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಬರಬೇಕಲ್ಲ, ದಾರಿಯಲ್ಲಿ ಅಂಧೇರಿ ಸಿಗುತ್ತದೆ. ಅಲ್ಲಿ ಗಿಲ್ಬರ್ಟ್ ಹಿಲ್ ಇದೆ. ಓದಿದರೆ ರೋಮಾಂಚನವಾಗುತ್ತದೆ: ಸುಮಾರು 6.6 ಕೋಟಿ ವರ್ಷ ಹಳೆಯ ಲಾವಾ ಗಟ್ಟಿಯಾಗಿ ನಿಂತ ಕರಿಕಲ್ಲಿನ ಕಂಬ, 61 ಮೀಟರ್ ಎತ್ತರ. 1952ರಲ್ಲೇ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ್ದರಂತೆ. ಹೋಗಿ ನೋಡಿದರೆ ಬಂಡೆಯ ಬುಡದವರೆಗೂ ಕಟ್ಟಡ ಒತ್ತಿಕೊಂಡಿವೆ. ಮೆಟ್ಟಿಲು ಹತ್ತಿ ತುದಿಯ ಗಾಂವ್‌ದೇವಿ ಗುಡಿಗೆ ಹೋದರೆ ಊರೆಲ್ಲ ಕಾಣುತ್ತದೆ, ನೋಡಲು ಬಂದ ಬಂಡೆ ಮಾತ್ರ ಕಾಣುವುದಿಲ್ಲ. ಅದರ ಮೇಲೇ ನಿಂತಿದ್ದೀರಲ್ಲ! ಅಕ್ಕ ಅರ್ಧಕ್ಕೇ ಕೂತುಬಿಟ್ಟಳು. "ಇದಕ್ಕೆ ಇಲ್ಲಿವರೆಗೆ ಬರ್ಬೇಕಿತ್ತಾ ಮಾರಾಯ? ಮಲ್ಪೆ ದ್ವೀಪಕ್ಕೆ ಹೋದ್ರೆ ಇಂಥದೇ ಕಲ್ಲಿನ ಕಂಬ ಎಷ್ಟು ಬೇಕಾದ್ರೂ ಉಂಟು, ಬರುವಾಗ ಮೀನೂ ಸಿಗ್ತದೆ." ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಕಲ್ಲಿನ ಹುಚ್ಚು ಇದ್ದವರಿಗೆ, ಅಂಧೇರಿಯಲ್ಲೇ ಉಳಿದವರಿಗೆ ಒಂದು ಗಂಟೆಗೆ ಅಡ್ಡಿಯಿಲ್ಲ.

ಮಂಗಳವಾರ ಹಟ ಹಿಡಿದು ಮತ್ತೆ ಬೋರಿವಲಿ. ಉದ್ಯಾನದ ಗೇಟಿನಿಂದ ಗುಹೆಗಳಿಗೆ ಇನ್ನೂ ಆರೇಳು ಕಿಲೋಮೀಟರ್. ಮಿನಿ ಬಸ್ಸು ತುಂಬುವವರೆಗೆ ಕಾದೆವು. ದಾದರ್ ಬಿಟ್ಟು ಮೊದಲ ಗುಹೆ ಮುಟ್ಟಲು ಎರಡು ಗಂಟೆ ಹಿಡಿಯಿತು. ಬಾಣಗಂಗೆಗೆ ಒಂದು ಗಂಟೆಯೂ ಬೇಕಾಗಿರಲಿಲ್ಲ.

ಆದರೆ ಆ ಎರಡು ಗಂಟೆಯ ಲೆಕ್ಕ ಮೂರನೇ ಗುಹೆಯಲ್ಲೇ ಮರೆತುಹೋಯಿತು. ದೊಡ್ಡ ಚೈತ್ಯ (ಬೌದ್ಧರ ಪ್ರಾರ್ಥನೆಯ ಮಂದಿರ), ಬಾಗಿಲ ಆಚೀಚೆ ಸುಮಾರು 7 ಮೀಟರ್ ಎತ್ತರದ ಬುದ್ಧರು. ಗುಹೆಗಳು ನೂರಕ್ಕೂ ಜಾಸ್ತಿ. ಒಂದು ಸಾವಿರ ವರ್ಷ ಭಿಕ್ಷುಗಳು ಇಲ್ಲಿ ಕೊರೆಯುತ್ತಾ, ಬದುಕುತ್ತಾ ಇದ್ದರು. ನನಗೆ ಹಿಡಿಸಿದ್ದು ನೀರಿನ ಕೆಲಸ. ಬಂಡೆಯ ಮೇಲೆ ಬೆರಳಗಲದ ಕಾಲುವೆ ಕೊರೆದು, ಮಳೆನೀರು ಒಂದು ಕಾಲುವೆಯಿಂದ ಇನ್ನೊಂದಕ್ಕೆ ಇಳಿದು ಗುಹೆಯ ಮುಂದಿನ ತೊಟ್ಟಿಗೆ ಬೀಳುವಂತೆ ಮಾಡಿದ್ದಾರೆ. ನಾನು ಬಾಟಲಿಯಿಂದ ಸ್ವಲ್ಪ ನೀರು ಸುರಿದೆ. ಅದು ಎಲ್ಲೂ ಚೆಲ್ಲದೆ ತಿರುವು ಹಿಡಿದು ಸೀದಾ ತೊಟ್ಟಿಯ ಕಡೆ ಓಡಿತು. ಬಾಟಲಿಯ ಮೇಲೆ ಕಣ್ಣಿಟ್ಟ ಕೋತಿಯೊಂದು ಹತ್ತಿರ ಬಂದದ್ದರಿಂದ ಪ್ರಯೋಗ ಅಲ್ಲಿಗೇ ನಿಂತಿತು.

ಇನ್ನು 11ನೇ ಗುಹೆ, ದರ್ಬಾರ್ ಗುಹೆ ಎನ್ನುತ್ತಾರೆ. ಉದ್ದಕ್ಕೆ ಎರಡು ತಗ್ಗಿನ ಕಲ್ಲು ಬೆಂಚು, ಪಂಕ್ತಿ ಊಟಕ್ಕೆ ಹಾಸಿದಂತೆ. ಇಲ್ಲಿ 853ರ ಒಂದು ಶಾಸನವಿದೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದು. ಶಾಲೆಯಲ್ಲಿ ಮಾನ್ಯಖೇಟದ ಜೊತೆ ಬಾಯಿಪಾಠ ಮಾಡಿದ ನಮ್ಮ ನೃಪತುಂಗನೇ! ಆಗ ಇಲ್ಲಿ ಅವನ ಕೈಕೆಳಗೆ ಆಳುತ್ತಿದ್ದವನು ಶಿಲಾಹಾರ ಕಪರ್ದಿ, ಬಾಣಗಂಗೆಯ ಲಕ್ಷ್ಮಣ ಪ್ರಭು ಮುಂದೆ ಸೇವೆಗಿದ್ದದ್ದು ಇವನ ವಂಶಕ್ಕೇ. ವಿಹಾರದ, ಅಂದರೆ ಭಿಕ್ಷುಗಳ ವಸತಿಯ, ರಿಪೇರಿಗೆ, ಪುಸ್ತಕ ಕೊಳ್ಳುವುದಕ್ಕೆ ಹಣ ತೆಗೆದಿಟ್ಟ ವಿವರ ಆ ಶಾಸನದಲ್ಲಿದೆ. ಪುಸ್ತಕಕ್ಕೆ! ಬೋರಿವಲಿಯ ಕಾಡಿನಲ್ಲಿ ಮಳಖೇಡದ ರಾಜನ ಹೆಸರು ಸಿಕ್ಕಿತಲ್ಲ ಎಂದು ನಾನು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಅಕ್ಕ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು.

ಅವಳ ವೋಟು ಬಾಣಗಂಗೆಗೆ. ಹತ್ತುವುದು ಕಡಿಮೆ, ಟಿಕೆಟ್ ಇಲ್ಲ, ಮಾತಿಗೆ ಜನ ಇದ್ದಾರೆ. ನನ್ನದು ಕಾನ್ಹೇರಿಗೆ, ಒಂದೇ ದಿನ ಇದ್ದರೂ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಬಂಡೆ ಕಾದ ಹೆಂಚಿನ ಹಾಗಾಗುತ್ತದೆ, ಬೆಳಿಗ್ಗೆಯೇ ಹೋಗಬೇಕು. ನೀರು, ಗಟ್ಟಿ ಚಪ್ಪಲಿ ಇರಲಿ. ಸಂಜೆಗೆ ರೈಲು ಇಟ್ಟುಕೊಂಡವರು ಮಾತ್ರ ಅಕ್ಕನ ಮಾತು ಕೇಳಿ. ನಮ್ಮದು ರಾತ್ರಿ ಗಾಡಿ ಆಗಿದ್ದಕ್ಕೆ ಸರಿಹೋಯಿತು. ದಾದರಿಗೆ ಮುಟ್ಟುವಾಗ ಐದು ಗಂಟೆ, ಬ್ಯಾಗಿನ್ನೂ ಕಟ್ಟಿರಲಿಲ್ಲ.