ಗಂಟೆ, ದಿನ, ಸಾಲು: ಮನೆಯಲ್ಲೇ ಓದಿಸಲು ನಾವು ಮಾಡಿ ನೋಡಿದ ಮೂರು ಪದ್ಧತಿ

ನಮ್ಮ ಇಬ್ಬರು ಮಕ್ಕಳೂ ಶಾಲೆಗೆ ಹೋಗುವುದಿಲ್ಲ. ಮನೆಯಲ್ಲೇ ಓದುತ್ತಾರೆ. ಮಗಳಿಗೆ 11, ಮಗನಿಗೆ 7. ಕಲಬುರಗಿಯಲ್ಲಿ ಹೀಗೆ ಹೇಳಿದರೆ ಮೊದಲ ಪ್ರಶ್ನೆ, "ಯಾಕ್ರಿ, ಸಾಲಿಗಿ ಕಳ್ಸಂಗಿಲ್ಲೇನ್ರಿ?" ಎರಡನೆಯದು, "ಮನ್ಯಾಗ ಇಷ್ಟ್ ಕೆಲಸ ಇಟ್ಕೊಂಡು ಹ್ಯಾಂಗ್ ಓದಸ್ತೀರಿ?" ಮೊದಲನೆಯದು ದೊಡ್ಡ ಮಾತು, ಇನ್ನೊಮ್ಮೆ ಬರೆಯುತ್ತೇನೆ. ಎರಡನೆಯದಕ್ಕೆ ಉತ್ತರ ಹುಡುಕಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ನಮ್ಮ ಮನೆಯ ಕೆಲಸ ಹೀಗಿದೆ. ನಾನು ಆರ್ಡರ್ ಮೇಲೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊಡುತ್ತೇನೆ. ನಮ್ಮ ಮನೆಯವರು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ತೊಗರಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಅವರ ಮುಖ ನೋಡುವುದೇ ರಾತ್ರಿ. ಜೊತೆಗೆ ನಮ್ಮ ಮಾವ ಇದ್ದಾರೆ, ಮಕ್ಕಳಿಗೆ ಮುತ್ಯಾ. ನಳ ಬಂದ ದಿನ ಎಲ್ಲ ಬಿಟ್ಟು ನೀರು ತುಂಬಬೇಕು. ಮದುವೆ, ತೊಟ್ಟಿಲು ಅಂತ ನೆಂಟರು ಹೇಳದೇ ಬರುತ್ತಾರೆ. ಇಂಥ ವಾರದಲ್ಲಿ ಓದು ಎಲ್ಲಿ ಕೂರಬೇಕು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಜೂನ್‌ನಲ್ಲಿ ಶುರು ಮಾಡಿದ್ದು ಗಂಟೆ ಪ್ರಕಾರದ ವೇಳಾಪಟ್ಟಿ. ನಮಗೆ ಗೊತ್ತಿದ್ದದ್ದು ಅದೊಂದೇ ಅಲ್ವಾ? 40 ನಿಮಿಷದ ಪೀರಿಯಡ್, ದಿನಕ್ಕೆ 6, ಸೋಮವಾರದಿಂದ ಶುಕ್ರವಾರದವರೆಗೆ 30. ಕನ್ನಡ, ಗಣಿತ, ಇಂಗ್ಲಿಷ್, ಸಮಾಜ, ವಿಜ್ಞಾನ, ಕೊನೆಗೆ ಚಿತ್ರಕಲೆ. ಗೋಡೆಗೆ ಅಂಟಿಸಿದಾಗ ನೋಡಲು ತುಂಬಾ ಚೆಂದ ಇತ್ತು.

ಜುಲೈನ ಒಂದು ವಾರದ ಲೆಕ್ಕ ನನ್ನ ನೋಟ್‌ಬುಕ್‌ನಲ್ಲಿ ಇನ್ನೂ ಇದೆ. ಸೋಮವಾರ ಆರೂ ಪೀರಿಯಡ್ ಆದವು. ಮಂಗಳವಾರ ತೊಟ್ಟಿಲು ಕಾರ್ಯಕ್ರಮಕ್ಕೆ 200 ರೊಟ್ಟಿ ಆರ್ಡರ್, ಹಾಗಾಗಿ 4. ಬುಧವಾರ ನಳ ಬಂತು, ಕೂತಿದ್ದೇ 11 ಗಂಟೆಗೆ, 3 ಆದವು. ಗುರುವಾರ 5. ಶುಕ್ರವಾರ ನಾದಿನಿ ಮಕ್ಕಳ ಸಮೇತ ಬಂದರು, 2. ಒಟ್ಟು 20. ಮೂವತ್ತಕ್ಕೆ ಇಪ್ಪತ್ತು ಕೆಟ್ಟದ್ದೇನೂ ಅಲ್ಲ ಅಂದುಕೊಂಡೆ. ಆಮೇಲೆ ಯಾವ್ಯಾವುದು ಬಿದ್ದುಹೋಗಿದೆ ಅಂತ ನೋಡಿದೆ. ಕನ್ನಡ, ಗಣಿತ ಐದಕ್ಕೆ ಐದೂ ಆಗಿವೆ. ವಿಜ್ಞಾನ ಆಗಿದ್ದು ಎರಡೇ ಸಲ, ಚಿತ್ರಕಲೆ ಒಂದೇ ಸಲ. ತಡವಾದಾಗಲೆಲ್ಲ ಮೊದಲಿನ ಪೀರಿಯಡ್‌ಗಳನ್ನು ಮುಂದಕ್ಕೆ ತಳ್ಳುತ್ತಿದ್ದೆವು, ಕೊನೆಯವು ಜಾರಿ ಬೀಳುತ್ತಿದ್ದವು. ಪ್ರತಿ ವಾರವೂ ಅವೇ. ಎರಡು ತಿಂಗಳಲ್ಲಿ ಮಗಳ ವಿಜ್ಞಾನ ಎರಡು ಪಾಠ ದಾಟಿರಲಿಲ್ಲ, ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದೇ ಅದು. ಈ ಪದ್ಧತಿಯ ನಿಜವಾದ ದೋಷ ಇಲ್ಲಿದೆ ಅಂತ ನನ್ನ ಅನಿಸಿಕೆ. ಓದು ಕಡಿಮೆಯಾಗುವುದು ಒಂದು ಮಾತು. ಒಂದೇ ವಿಷಯಕ್ಕೆ ಸದಾ ಪೆಟ್ಟು ಬೀಳುವುದು ಬೇರೆ ಮಾತು.

ಆದರೂ ಇದರ ಒಂದು ಗುಣ ಹೇಳಲೇಬೇಕು. ಗಣಿತ ದಿನಾ ಆಯಿತು. ಮಗನಿಗೆ ಐದರವರೆಗಿನ ಮಗ್ಗಿ ಗಟ್ಟಿಯಾಗಿದ್ದು ಆ ಎರಡು ತಿಂಗಳಲ್ಲೇ.

ಆಗಸ್ಟ್‌ನಲ್ಲಿ ದಿನಕ್ಕೊಂದೇ ವಿಷಯ ಅಂತ ಬದಲಿಸಿದೆವು. ಸೋಮವಾರ ಕನ್ನಡ, ಮಂಗಳವಾರ ಗಣಿತ, ಬುಧವಾರ ವಿಜ್ಞಾನ, ಗುರುವಾರ ಸಮಾಜ, ಶುಕ್ರವಾರ ಇಂಗ್ಲಿಷ್. ಹೊರಗೆ ಕರೆದುಕೊಂಡು ಹೋಗಲು ಇದರಷ್ಟು ಒಳ್ಳೆಯ ಪದ್ಧತಿ ಇಲ್ಲ. ಒಂದು ಗುರುವಾರ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಕೋಟೆಗೆ ಹೋದೆವು. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ನಮ್ಮ ಊರೇ ರಾಜಧಾನಿ ಅಂತ ಪುಸ್ತಕದಲ್ಲಿ ಓದುವುದು ಬೇರೆ, ಆ ಗೋಡೆಯ ಕೆಳಗೆ ನಿಂತು ಓದುವುದು ಬೇರೆ. ಒಳಗಿನ ಜಾಮಿಯಾ ಮಸೀದಿ 1367ರದ್ದು. ಬೇರೆ ಮಸೀದಿಗಳಲ್ಲಿ ನಡುವೆ ಇರುವ ಬಯಲು ಅಂಗಳ ಇಲ್ಲಿಲ್ಲ, ಪೂರ್ತಿ ಛಾವಣಿ. "ಬಿಸಿಲಿಗಿ ಹಿಂಗ ಮಾಡ್ಯಾರೇನು?" ಅಂತ ಮಗಳು ಕೇಳಿದಳು. ಆ ಪ್ರಶ್ನೆ ಹಿಡಿದು ಕಮಾನು, ಗುಮ್ಮಟ, ನೆರಳು ಅಂತ ಮಧ್ಯಾಹ್ನದವರೆಗೆ ಮಾತಾಡಿದೆವು. 40 ನಿಮಿಷದಲ್ಲಿ ಇದು ಆಗುವ ಕೆಲಸವಲ್ಲ. ಒಂದು ಬುಧವಾರ ಪೂರ್ತಿ ಜಿಲ್ಲಾ ವಿಜ್ಞಾನ ಕೇಂದ್ರದಲ್ಲೇ ಕಳೆದೆವು.

ತೊಂದರೆ ಎರಡು. ಏಳು ವರ್ಷದ ಮಗ ಇಡೀ ದಿನ ಒಂದೇ ವಿಷಯಕ್ಕೆ ಕೂರುವುದಿಲ್ಲ. ಮಂಗಳವಾರ ಕಲಿತ ಕಳೆಯುವ ಲೆಕ್ಕ ಮುಂದಿನ ಮಂಗಳವಾರಕ್ಕೆ ಪೂರ್ತಿ ಮರೆತಿರುತ್ತಿದ್ದ, ಮತ್ತೆ ಮೊದಲಿನಿಂದ ಶುರು. ಎರಡನೆಯದು ಶ್ರಾವಣ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗದೇ ಇರುವ ಮನೆ ನಮ್ಮ ಓಣಿಯಲ್ಲಿಲ್ಲ. ಹಾಗಾಗಿ ಸೋಮವಾರದ ಕನ್ನಡ ತಿಂಗಳಿಡೀ ಹೋಯಿತು. ಶುಕ್ರವಾರ ಹಬ್ಬ ಬಂದರೆ ಇಂಗ್ಲಿಷ್ ಹೋಯಿತು. ಒಂದು ದಿನ ತಪ್ಪಿದರೆ ಆ ವಿಷಯ ಎರಡು ವಾರ ದೂರ ಉಳಿಯುತ್ತದೆ.

ಅಕ್ಟೋಬರ್‌ನಲ್ಲಿ ನಾನು ಹೊಸ ಪಟ್ಟಿ ಬರೆಯುತ್ತಾ ಕೂತಿದ್ದಾಗ ಮಾವ ಬಂದು ನೋಡಿದರು. ಅವರು ನಲವತ್ತು ವರ್ಷ ಒಕ್ಕಲುತನ ಮಾಡಿದವರು. "ಏನವಾ ಇದು, ದಿನಕ್ಕೊಂದು ಅಂತ ಹಂಚಲಿಕ್ಕತ್ತಿ? ಹೊಲದಾಗ ಮಂಗಳವಾರದ ಸಾಲು, ಬುಧವಾರದ ಸಾಲು ಅಂತ ಇರ್ತದೇನು? ಮಳಿ ಬಂದ್ರ ನಿಂದ್ರಸ್ತೀವಿ. ಎಲ್ಲಿ ಬಿಟ್ಟಿರ್ತೀವೋ ಅಲ್ಲಿಂದೇ ಮತ್ತ ಹೊಡಿತೀವಿ" ಅಂದರು.

ಆ ಮಾತು ನನ್ನ ಕಣ್ಣು ತೆರೆಸಿತು. ಅಕ್ಕನಿಗೆ ಫೋನ್ ಮಾಡಿದೆ, ಅವಳು ಸರ್ಕಾರಿ ಶಾಲೆಯ ಶಿಕ್ಷಕಿ. ನಲಿ-ಕಲಿಯಲ್ಲಿ ನಾವು ಮಾಡುವುದೂ ಇದನ್ನೇ ಅಂದಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಗುವಿಗೆ ಒಂದು ಕಲಿಕಾ ಏಣಿ ಇರುತ್ತದೆ. ಎಂಟು ದಿನ ಶಾಲೆಗೆ ಬರದಿದ್ದರೂ ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ.

ನಮ್ಮದು ಹೀಗಾಯಿತು. ಗಣಿತ ಅರ್ಧ ಗಂಟೆ, ಕನ್ನಡ ಓದು ಅರ್ಧ ಗಂಟೆ. ಇವೆರಡು ದಿನಾ, ನಳ ಬಂದರೂ, ನೆಂಟರು ಬಂದರೂ. ಉಳಿದವು ಒಂದು ರಟ್ಟಿನ ಮೇಲೆ ಸಾಲಾಗಿ: ವಿಜ್ಞಾನ, ಇಂಗ್ಲಿಷ್, ಇತಿಹಾಸ, ಚಿತ್ರಕಲೆ, ಮತ್ತೆ ವಿಜ್ಞಾನ, ಇಂಗ್ಲಿಷ್, ಭೂಗೋಳ, ಕೈಕೆಲಸ. ವಾರದ ಹೆಸರಿಲ್ಲ, ಗಂಟೆಯಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪು ಎಲ್ಲಿದೆಯೋ ಅಲ್ಲಿಂದ ಶುರು. ಒಂದು ದಿನ ಮೂರು ಆಗಬಹುದು, ಇನ್ನೊಂದು ದಿನ ಒಂದೂ ಆಗದಿರಬಹುದು. ಮರುದಿನ ಕ್ಲಿಪ್ಪು ಅಲ್ಲೇ ಕಾಯುತ್ತಿರುತ್ತದೆ. ಮಗಳು ಇದಕ್ಕೆ ಸಾಲು ಅಂತಲೇ ಹೆಸರಿಟ್ಟಳು. "ಸಾಲಿ ಬಿಟ್ಟು ಸಾಲಿಗಿ ಬಂದ್ವಿ" ಅನ್ನುತ್ತಾಳೆ.

ಎಳ್ಳ ಅಮಾವಾಸ್ಯೆಯ ವಾರ ಇದರ ಪರೀಕ್ಷೆಯಾಯಿತು. ಎರಡು ದಿನ ಸಜ್ಜೆ ರೊಟ್ಟಿ, ಭಜ್ಜಿಯ ತಯಾರಿ, ಮೂರನೇ ದಿನ ಎಲ್ಲರೂ ಹೊಲಕ್ಕೆ. ಕ್ಲಿಪ್ಪು ವಿಜ್ಞಾನದ ಮೇಲಿತ್ತು. ಚರಗ ಚೆಲ್ಲಿ, ಊಟ ಮುಗಿಸಿದ ಮೇಲೆ ಮುತ್ಯಾ ಒಂದು ಕಡಲೆ ಗಿಡ ಕಿತ್ತು ಬೇರಿನ ಗಂಟು ತೋರಿಸಿದರು. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ, ಅದಕ್ಕೇ ಜೋಳದ ಹೊಲದಲ್ಲಿ ಮಧ್ಯೆ ಮಧ್ಯೆ ಕಡಲೆ ಹಾಕುತ್ತಾರೆ ಅಂತ ನಾನು ಹೇಳಿದೆ. ಮಗ ಕೈ ನೆಕ್ಕಿ "ಹುಳಿ ಅದ!" ಅಂದ. ಯಾಕೆ ಹುಳಿ ಅಂತ ಮನೆಗೆ ಬಂದು ಹುಡುಕಿದೆವು. ಕಡಲೆ ಎಲೆಯ ಕೂದಲಿನಿಂದ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಒಸರುತ್ತದೆ. ಗಂಟೆ ಪದ್ಧತಿ ಇದ್ದಿದ್ದರೆ ಆ ವಾರ ನನ್ನ ನೋಟ್‌ಬುಕ್‌ನಲ್ಲಿ ಬರೀ ಖಾಲಿ ಮನೆಗಳಾಗಿ ಉಳಿಯುತ್ತಿತ್ತು.

ಮಾರ್ಚ್ ಕೊನೆಗೆ ಲೆಕ್ಕ ಹಾಕಿದೆ. ವಿಜ್ಞಾನದಲ್ಲಿ ಮಗಳು ಹಿಂದೆ ಬಿದ್ದಿದ್ದನ್ನೆಲ್ಲ ತುಂಬಿಕೊಂಡಿದ್ದಳು. ಯಾವ ವಿಷಯವೂ ಉಳಿದದ್ದಕ್ಕಿಂತ ಎರಡು ಪಾಠಕ್ಕಿಂತ ಜಾಸ್ತಿ ಹಿಂದೆ ಇರಲಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೆಳಿಗ್ಗೆ 6ಕ್ಕೆ ಕೂತು 9ಕ್ಕೆ ಮುಗಿಸಿದೆವು, ಪಟ್ಟಿ ಹೊಸದಾಗಿ ಬರೆಯುವ ಗೊಡವೆಯೇ ಇರಲಿಲ್ಲ.

ಸಾಲಿನಲ್ಲೂ ಕೊರತೆ ಇದೆ. ಮಗಳು ವಿಜ್ಞಾನ ಬಂದರೆ ಮೂರು ದಿನ ಅಲ್ಲೇ ಕೂರುತ್ತಿದ್ದಳು, ಇಂಗ್ಲಿಷ್ ಬರುವುದನ್ನು ತಡ ಮಾಡಲು. ಒಂದು ಸರದಿಗೆ ಹೆಚ್ಚೆಂದರೆ ಒಂದೂವರೆ ಗಂಟೆ ಅಂತ ಮಿತಿ ಹಾಕಬೇಕಾಯಿತು. ಇಬ್ಬರಿಗೂ ಒಂದೇ ರಟ್ಟು ಸಾಲುವುದಿಲ್ಲ. ಈಗ ವಿಜ್ಞಾನ, ಇತಿಹಾಸ ಮಾತ್ರ ಒಟ್ಟಿಗೆ, ಉಳಿದದ್ದಕ್ಕೆ ಮಗನದು ಬೇರೆ ರಟ್ಟು.

ತಂದೆ-ತಾಯಿ ಇಬ್ಬರೂ ಮನೆಯಲ್ಲಿದ್ದು ಒಬ್ಬರು ಪೂರ್ತಿ ಓದಿಸುವುದಕ್ಕೇ ಕೂರಬಹುದಾದರೆ ಗಂಟೆ ಪದ್ಧತಿ ನಡೆಯುತ್ತದೆ. ಹತ್ತು ದಾಟಿದ ಒಂದೇ ಮಗು ಇದ್ದರೆ ದಿನಕ್ಕೊಂದು ವಿಷಯ ಮಾಡಿ ನೋಡಬಹುದು, ಗಣಿತವನ್ನು ಮಾತ್ರ ಅದರಿಂದ ಹೊರಗಿಡಿ. ಮನೆಯಲ್ಲಿ ಸಣ್ಣ ವ್ಯಾಪಾರ, ಹಿರಿಯರು, ಹಬ್ಬ, ನೀರು ಎಲ್ಲ ಇರುವ ನಮ್ಮಂಥವರಿಗೆ ಸಾಲೇ ಸರಿ.

ಮಗಳು 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೇ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಹೆಸರು ಹಚ್ಚಬೇಕೆಂದಿದ್ದೇವೆ. ಅಲ್ಲಿ ಕನಿಷ್ಠ 5 ವಿಷಯ ತಗೋಬೇಕು. ಐದು ವರ್ಷದೊಳಗೆ 9 ಅವಕಾಶ ಇರುತ್ತವೆ, ಎಲ್ಲ ವಿಷಯ ಒಂದೇ ಸಲ ಬರೆಯಬೇಕಂತಿಲ್ಲ. ಪರೀಕ್ಷೆಯ ಆ ವರ್ಷ ಬೆಳಗಿನ ಎರಡು ಗಂಟೆಯನ್ನು ಮತ್ತೆ ಗಡಿಯಾರಕ್ಕೆ ಕೊಡಬೇಕಾಗುತ್ತದೆ. ಮಗನ ರಟ್ಟು ಮಾತ್ರ ಆಗಲೂ ಗೋಡೆಯ ಮೇಲೆ ಇರುತ್ತದೆ.